ಯೋಹಾನ ಸೆಬಾಸ್ಟಿಯನ್ ಬಾಖನೂ ಅವನ ಮನೆತನದ ಪಟ್ಟಿಯೂ

1735ನೆಯ ವರುಷದಲ್ಲಿ ಜರ್ಮನಿ ದೇಶದ ಲೈಪ್ಸಿಗ್ ಪಟ್ಟಣದೊಳಗೆ ಐವತ್ತು ವರುಷ ಪ್ರಾಯದ ಒಬ್ಬ ಗೃಹಸ್ಥನು ತನ್ನ ಮನೆತನದ ಹಿರಿಯರ ಹೆಸರುಗಳನ್ನು ಒಂದೊಂದಾಗಿ ನೆನಸಿ ಕಾಗದದ ಮೇಲೆ ಬರೆದಿಟ್ಟನು. ಅವನು ಅರಸನಲ್ಲ, ಜಮೀನುದಾರನಲ್ಲ. ವಂಶಾವಳಿಯನ್ನು ತೋರಿಸಿ ಆಸ್ತಿಯನ್ನು ಪಡೆಯಬೇಕಾದ ವ್ಯಾಜ್ಯವೂ ಅವನಿಗೆ ಇರಲಿಲ್ಲ. ಸಂತ ತೋಮನ ದೇವಾಲಯದ ಶಾಲೆಯಲ್ಲಿ ಹುಡುಗರಿಗೆ ಹಾಡು ಕಲಿಸಿ, ಆದಿತ್ಯವಾರದ ಆರಾಧನೆಗೆ ಬೇಕಾದ ಸಂಗೀತವನ್ನು ಸಿದ್ಧಮಾಡುವದೇ ಅವನ ಉದ್ಯೋಗವಾಗಿತ್ತು. ಈಹೊತ್ತು ಲೋಕವೆಲ್ಲಾ ಬಲ್ಲ ಯೋಹಾನ ಸೆಬಾಸ್ಟಿಯನ್ ಬಾಖನು ಇವನೇ.

ನಮ್ಮ ಸೀಮೆಯಲ್ಲಿ ಹೆಳವರು ಎತ್ತಿನ ಮೇಲೆ ಬಂದು, ಒಕ್ಕಲು ಮನೆಗಳ ಬಾಗಲಲ್ಲಿ ನಿಂತು, ಅಜ್ಜ ಮುತ್ತಜ್ಜಂದಿರ ಹೆಸರುಗಳನ್ನು ಹೇಳಿ ಕಾಳು ಪಡೆದು ಹೋಗುವದನ್ನು ವಾಚಕರಲ್ಲಿ ಅನೇಕರು ಬಲ್ಲರು. ಬಾಖನ ಸೀಮೆಯಲ್ಲಿ ಹೆಳವರಿರಲಿಲ್ಲ. ಆದರೆ ಅಲ್ಲಿಯ ಸಭೆಗಳಲ್ಲಿ ದೀಕ್ಷಾಸ್ನಾನವಾದವರ, ಮದುವೆಯಾದವರ, ಮಣ್ಣುಮಾಡಲ್ಪಟ್ಟವರ ಹೆಸರುಗಳನ್ನು ಬರೆದಿಡುವ ಪುಸ್ತಕಗಳಿದ್ದವು. ಆ ಪುಸ್ತಕಗಳೂ ಬಾಖನು ತನ್ನ ಕೈಯಾರೆ ಬರೆದ ಪಟ್ಟಿಯೂ ಒಂದೇ ಮನೆತನದ ವಿಷಯವಾಗಿ ಮಾತಾಡುತ್ತವೆ. ಆದರೂ ಅವೆರಡೂ ಒಂದೇ ಸಂಗತಿಯನ್ನು ಹೇಳುವದಿಲ್ಲ.

ಪಟ್ಟಿಯಲ್ಲಿ 53 ಮಂದಿ ಗಂಡಸರು ಸಂಖ್ಯೆಯ ಕ್ರಮವಾಗಿ ಬಂದಿದ್ದಾರೆ. ಮೊದಲನೆಯವನು ಫೈಟ್ ಬಾಖ್. ಇವನು ಹಂಗೇರಿ ದೇಶದಲ್ಲಿ ರೊಟ್ಟಿ ಸುಟ್ಟು ಮಾರಿ ಜೀವನಮಾಡುತ್ತಿದ್ದನು. ಲೂಥರನ ಬೋಧನೆಯನ್ನು ಹಿಡಿದುಕೊಂಡದ್ದರಿಂದ ಅಲ್ಲಿ ನಿಲ್ಲಲಾರದೆ, ಇದ್ದ ಸ್ವತ್ತನ್ನು ಬಂದಷ್ಟು ಕ್ರಯಕ್ಕೆ ಮಾರಿ, ಜರ್ಮನಿಯ ಥುರಿಂಗಿಯ ಸೀಮೆಯಲ್ಲಿ ಗೋಥಾ ಪಟ್ಟಣಕ್ಕೆ ಹತ್ತಿರವಾದ ವೆಖ್ಮಾರ್ ಎಂಬ ಹಳ್ಳಿಯಲ್ಲಿ ನೆಲೆಗೊಂಡನು. ಅವನಲ್ಲಿ ಒಂದು ಚಿಕ್ಕ ತಂತಿವಾದ್ಯವಿತ್ತು. ಹಿಟ್ಟು ಬೀಸಿಸುವದಕ್ಕೆ ಗಿರಣಿಗೆ ಹೋಗುವಾಗ ಅದನ್ನೂ ಹಿಡಿದುಕೊಂಡು ಹೋಗಿ, ಕಲ್ಲು ತಿರುಗುವ ಸದ್ದಿನೊಂದಿಗೆ ಅದನ್ನು ನುಡಿಸುತ್ತಾ ಕೂತಿರುವನು. ತಾಳವನ್ನು ತಪ್ಪದೆ ಹಿಡಿಯುವದು ಅವನಿಗೆ ಅಲ್ಲಿಯೇ ಅಭ್ಯಾಸವಾಗಿರಬೇಕೆಂದೂ, ತಮ್ಮ ಮನೆಯ ಸಂಗೀತಕ್ಕೆ ಅದೇ ಮೊದಲೆಂದೂ ಬಾಖನು ನಗೆಮೊಗದಿಂದ ಬರೆದಿದ್ದಾನೆ. ತನ್ನ ವಂಶದ ಆರಂಭವನ್ನು ಗಿರಣಿಯ ಧೂಳಿನಲ್ಲಿ ತೋರಿಸುವದಕ್ಕೆ ಅವನು ನಾಚಲಿಲ್ಲ.

ಆದರೆ ಮನೆಯವರ ಬಾಯಿಮಾತು ಎಲ್ಲಾ ಕಾಲದಲ್ಲಿಯೂ ಪೂರ್ಣವಾಗಿರುವದಿಲ್ಲ. 1561ರಲ್ಲಿಯೇ ಹಾನ್ಸ್ ಬಾಖ್ ಎಂಬವನೊಬ್ಬನು ವೆಖ್ಮಾರಿನ ಊರಹಿರಿಯರಲ್ಲಿ ಸೇರಿದ್ದನೆಂದು ಆ ಹಳ್ಳಿಯ ಹಳೇ ಕಾಗದಗಳಿಂದ ಕಾಣುತ್ತದೆ. ಆದದರಿಂದ ಫೈಟನು ಗೊತ್ತಿಲ್ಲದ ನಾಡಿಗೆ ಓಡಿಬಂದವನಲ್ಲ, ತನ್ನ ಹಿರಿಯರ ಊರಿಗೇ ತಿರಿಗಿ ಬಂದವನಾಗಿರಬೇಕೆಂದು ಪಂಡಿತರು ಊಹಿಸುತ್ತಾರೆ.

ಫೈಟನ ಮಗನಾದ ಹಾನ್ಸನು ಊರೂರು ತಿರುಗಿ ವಾದ್ಯ ನುಡಿಸುವವನಾಗಿ 1626ರಲ್ಲಿ ತೀರಿಹೋದನು. ಅವನ ಮಗ ಕ್ರಿಸ್ತೋಫ್; ಕ್ರಿಸ್ತೋಫನಿಗೆ 1645ರಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರು. ಇವರಿಬ್ಬರ ರೂಪವೂ ಮಾತೂ ಸಂಗೀತವೂ ಎಷ್ಟು ಒಂದೇ ತರವಾಗಿದ್ದವೆಂದರೆ ಅವರ ಹೆಂಡರಿಗೇ ಗುರುತು ತಪ್ಪುತ್ತಿತ್ತಂತೆ. ಈ ಅವಳಿಗಳಲ್ಲಿ ಒಬ್ಬನಾದ ಅಂಬ್ರೋಸಿಯನೇ ನಮ್ಮ ಬಾಖನ ತಂದೆ. ಅಷ್ಟರೊಳಗೆ ಆ ಸೀಮೆಯ ಪಟ್ಟಣಗಳಲ್ಲಿ ಈ ಮನೆಯವರು ತುಂಬಿಕೊಂಡಿದ್ದರು. ಎರ್ಫರ್ಟ್ ಪಟ್ಟಣದಲ್ಲಂತೂ ವಾದ್ಯಗಾರರನ್ನೆಲ್ಲಾ ಬಾಖರೆಂದೇ ಕರೆಯುವ ರೂಢಿಯುಂಟಾಗಿ, ಆ ಮನೆತನದವರು ಅಲ್ಲಿಂದ ಇಲ್ಲವಾದ ಮೇಲೆಯೂ ಆ ರೂಢಿ ಹೋಗಲಿಲ್ಲ. ವರುಷಕ್ಕೊಂದಾವರ್ತಿ ಬಂಧುಗಳೆಲ್ಲರೂ ಒಂದೂರಲ್ಲಿ ಕೂಡಿ ಮೊದಲು ದೇವಸ್ತುತಿಯ ಗೀತವನ್ನು ಹಾಡಿ, ಬಳಿಕ ಹಾಸ್ಯದ ಹಾಡುಗಳಿಂದ ಹೊಟ್ಟೆ ತುಂಬ ನಗುತ್ತಿದ್ದರು.

ಐಸೆನಾಖ್ ಪಟ್ಟಣದ ಸಂತ ಜಾರ್ಜನ ದೇವಾಲಯದ ಪುಸ್ತಕದಲ್ಲಿ 1685ನೆಯ ಮಾರ್ಚ್ 23ರಂದು ಅಂಬ್ರೋಸಿಯನ ಕೂಸಿಗೆ ದೀಕ್ಷಾಸ್ನಾನವಾಯಿತೆಂದು ಬರೆದದೆ. ಇದು ಎಂಟು ಮಕ್ಕಳಲ್ಲಿ ಕಡೇ ಕೂಸು. ಸಾಕ್ಷಿಗಳಾಗಿ ನಿಂತವರು ಗೋಥಾ ಪಟ್ಟಣದ ವಾದ್ಯಗಾರನಾದ ಸೆಬಾಸ್ಟಿಯನ್ ನಾಗೆಲನೂ ಐಸೆನಾಖಿನ ಅಡವಿಯ ಅಧಿಕಾರಿಯಾದ ಯೋಹಾನ ಜಾರ್ಜ್ ಕೋಖನೂ. ಮಗುವಿಗೆ ಸೆಬಾಸ್ಟಿಯನ್ ಎಂಬ ಹೆಸರು ಬಂದ ಬಗೆ ಈ ಒಂದು ಸಾಲಿನಿಂದಲೇ ತಿಳಿಯುತ್ತದೆ.

ಒಂಭತ್ತು ವರುಷ ಕಳೆಯುವಷ್ಟರಲ್ಲಿ ಅದೇ ಊರಿನ ಸಮಾಧಿಯ ಪುಸ್ತಕಕ್ಕೆ ಈ ಮನೆಯ ಹೆಸರುಗಳು ಸೇರಿದವು. 1694ರ ಮೇ ತಿಂಗಳಲ್ಲಿ ತಾಯಿಯನ್ನೂ 1695ರ ಫೆಬ್ರವರಿಯಲ್ಲಿ ತಂದೆಯನ್ನೂ ಹುಡುಗನು ಕಳಕೊಂಡನು. ಓರ್ಡ್ರುಫ್ ಎಂಬ ಊರಲ್ಲಿ ಆರ್ಗನು ನುಡಿಸುತ್ತಿದ್ದ ಅಣ್ಣನು ಅವನನ್ನು ಸಾಕಿದನು. ಉಚಿತವಾದ ಊಟವಸತಿ ತಪ್ಪಿದ್ದರಿಂದ ಹುಡುಗನು 1700ರ ಮಾರ್ಚ್ ತಿಂಗಳಲ್ಲಿ ಲ್ಯೂನೆಬರ್ಗಿಗೆ ಹೊರಟುಹೋದನೆಂದು ಆ ಊರಿನ ಶಾಲೆಯ ಪುಸ್ತಕವು ಹೇಳುತ್ತದೆ. ಆಗ ಅವನಿಗೆ ಹದಿನೈದು ವರುಷ. ಅಲ್ಲಿಂದ ಮುಂದೆ ಅವನು ಆರ್ನ್‌ಷ್ಟಾಟ್, ಮ್ಯೂಲ್‌ಹೌಸೆನ್, ವೈಮಾರ್, ಕ್ಯೋಥೆನ್ ಎಂಬ ಊರುಗಳಲ್ಲಿ ಉದ್ಯೋಗಮಾಡಿ 1723ರಲ್ಲಿ ಲೈಪ್ಸಿಗಿಗೆ ಬಂದನು. ಆ ವೃತ್ತಾಂತವನ್ನು ಇಲ್ಲಿ ಉದ್ದಮಾಡುವದಿಲ್ಲ.

1707ನೆಯ ಅಕ್ಟೋಬರ್ 17ರಂದು ಡೋರ್ನ್‌ಹೈಮ್ ಎಂಬ ಹಳ್ಳಿಯ ದೇವಾಲಯದಲ್ಲಿ ಅವನು ತನ್ನ ದೂರದ ಬಂಧುವಾದ ಮರಿಯ ಬಾರ್ಬರಳನ್ನು ಮದುವೆಯಾದನು. ಅವಳಿಗೆ ಏಳು ಮಕ್ಕಳು. 1713ರಲ್ಲಿ ಹುಟ್ಟಿದ ಅವಳಿಗಳಲ್ಲಿ ಗಂಡುಕೂಸು ಆ ದಿನವೇ ಸತ್ತಿತು; ಹೆಣ್ಣುಕೂಸು ಮೂರು ವಾರ ಬದುಕಿತು. ಕ್ಯೋಥೆನಿನ ಪ್ರಭುವು ತಾನೇ ಸಾಕ್ಷಿಯಾಗಿ ನಿಂತು ತನ್ನ ಹೆಸರನ್ನು ಕೊಟ್ಟ ಲಿಯೋಪೋಲ್ಡನೂ ಒಂದು ವರುಷ ತುಂಬುವದಕ್ಕೆ ಮುಂಚೆ ಹೋದನು. 1720ರ ಬೇಸಿಗೆಯಲ್ಲಿ ಬಾಖನು ಪ್ರಭುವಿನ ಸಂಗಡ ಕಾರ್ಲ್ಸ್‌ಬಾಡಿನ ಬಿಸಿನೀರ ಬುಗ್ಗೆಗಳಿಗೆ ಹೋಗಬೇಕಾಯಿತು. ಹೋಗುವಾಗ ಹೆಂಡತಿ ಸುಖವಾಗಿದ್ದಳು. ತಿರಿಗಿ ಬಂದು ಮನೆಯ ಹೊಸ್ತಿಲನ್ನು ದಾಟುವಾಗ, ಆಕೆಯು ಸತ್ತು ಮಣ್ಣಾಗಿರುವ ಸುದ್ದಿಯು ಅವನ ಕಿವಿಗೆ ಬಿತ್ತು. ಪುಸ್ತಕದಲ್ಲಿ ಸಮಾಧಿಯ ದಿನವು ಜುಲೈ 7 ಎಂದದೆ. ಗಂಡನು ಆ ದಿನ ಎಲ್ಲಿದ್ದನೆಂದು ಪುಸ್ತಕವು ಬರೆಯುವದಿಲ್ಲ.

ಮರುವರುಷ ಡಿಸೆಂಬರಿನಲ್ಲಿ ಅವನು ಹಾಡುಗಾರ್ತಿಯಾದ ಅನ್ನ ಮಗ್ದಲೇನಳನ್ನು ಮದುವೆಯಾದನು. ತಾಯಿಯಿಲ್ಲದ ನಾಲ್ಕು ಮಕ್ಕಳನ್ನು ಆಕೆಯು ಸಾಕಿ, ಗಂಡನು ಬರೆದ ಸಂಗೀತವನ್ನು ತನ್ನ ಕೈಯಿಂದ ಪ್ರತಿಮಾಡುತ್ತಾ, ತಾನು ಹದಿಮೂರು ಮಕ್ಕಳನ್ನು ಹೆತ್ತಳು. ಇನ್ನು ಲೈಪ್ಸಿಗಿನ ಸಮಾಧಿಯ ಪುಸ್ತಕವನ್ನು ನೋಡಿರಿ. 1726ರಲ್ಲಿ ಒಂದು ಮಗು, 1727ರಲ್ಲಿ ಒಂದು, 1728ರಲ್ಲಿ ಒಂದು, 1730ರಲ್ಲಿ ಒಂದು, 1732ರಲ್ಲಿ ಒಂದು, 1733ರಲ್ಲಿ ಎರಡು. ಎಂಟು ವರುಷಗಳೊಳಗೆ ಏಳು ಮಕ್ಕಳು ಒಂದೇ ಮನೆಯಿಂದ ಹೊರಟುಹೋದರು. 1730ನೆಯ ಜನವರಿ 1ರಂದು ಹುಟ್ಟಿದ ಕ್ರಿಸ್ತಿಯಾನ ಬೆನೆದಿಕ್ತಳು ನಾಲ್ಕನೆಯ ದಿನ ಸತ್ತಳು. 1733ರ ನವೆಂಬರಿನಲ್ಲಿ ಹುಟ್ಟಿದ ಅಬ್ರಹಾಮನು ಒಂದು ರಾತ್ರಿ ಮಾತ್ರ ಬದುಕಿದನು. ಅಷ್ಟರೊಳಗೆ ಅವನಿಗೆ ಹೆಸರಿಟ್ಟು ಪುಸ್ತಕದಲ್ಲಿ ಬರೆದಿದ್ದರು.

ಬಾಖನು ಮನೆತನದ ಪಟ್ಟಿಯನ್ನು ಬರೆಯುವದಕ್ಕೆ ಕೂತದ್ದು ಇದಾಗಿ ಎರಡೇ ವರುಷಕ್ಕೆ. ಅದರಲ್ಲಿ ಈ ಕೂಸುಗಳಲ್ಲಿ ಒಂದರ ಹೆಸರೂ ಇಲ್ಲ. ಹೆಣ್ಣುಮಕ್ಕಳಿಗೂ ಅದರಲ್ಲಿ ಸಂಖ್ಯೆಯಿಲ್ಲ. ಇದರಿಂದ ಅವನನ್ನು ಕಠಿಣಹೃದಯನೆಂದು ಎಣಿಸಬಾರದು. ಸಂಗೀತವನ್ನು ಕಸುಬಾಗಿ ಮಾಡಿದ ಗಂಡಸರನ್ನು ಎಣಿಸುವದೇ ಆ ಪಟ್ಟಿಯ ಉದ್ದೇಶವಾಗಿತ್ತು. ಆದರೆ ಸಭೆಯ ಪುಸ್ತಕಕ್ಕೆ ಅಂಥ ಉದ್ದೇಶವಿಲ್ಲ. ಬಾಖನಿಗೆ ಒಟ್ಟು ಇಪ್ಪತ್ತು ಮಕ್ಕಳು ಹುಟ್ಟಿದರೆಂದೂ ಅವರಲ್ಲಿ ಹತ್ತೇ ಮಂದಿ ಪ್ರಾಯಕ್ಕೆ ಬಂದರೆಂದೂ ನಮಗೆ ಗೊತ್ತಾಗಿರುವದು ಆ ಪುಸ್ತಕಗಳಿಂದಲೇ.

ಪಟ್ಟಿಯಲ್ಲಿ ಸೇರಿದ ಗಂಡುಮಕ್ಕಳು ಆರು ಮಂದಿ. 47ನೆಯವನಾದ ಬೆರ್ನ್‌ಹಾರ್ಡನು ಆ ವರುಷ ಮ್ಯೂಲ್‌ಹೌಸೆನಿನಲ್ಲಿ ಆರ್ಗನು ನುಡಿಸುವ ಕೆಲಸಕ್ಕೆ ಸೇರಿದ್ದನು. ಮುಂದೆ ಅವನು ಸಾಲಮಾಡಿ, ಯಾರಿಗೂ ತಿಳಿಸದೆ ಕೆಲಸ ಬಿಟ್ಟು ಹೋಗಿ ತಂದೆಯನ್ನು ಬಹಳ ನೋಯಿಸಿದನು. 1739ರಲ್ಲಿ ಇಪ್ಪತ್ತನಾಲ್ಕು ವರುಷದವನಾಗಿ ಜ್ವರದಿಂದ ಯೇನಾ ಪಟ್ಟಣದಲ್ಲಿ ತೀರಿಹೋದನು. 48ನೆಯವನಾದ ಗಾಟ್‌ಫ್ರೀಡ್ ಹೈನ್ರಿಖನ ಬುದ್ಧಿ ಬೆಳೆಯಲಿಲ್ಲ. ಅವನು ಸಾಯುವ ತನಕ ಪರರ ಆರೈಕೆಯಲ್ಲಿ ಇರಬೇಕಾಯಿತು. ಆದರೂ ತಂದೆಯು ಅವನನ್ನು ಬಿಡದೆ ಎಣಿಸಿ, ಇವನಿಗೂ ಸಂಗೀತದ ಕಡೆಗೆ ಒಲವುಂಟೆಂದು ಬರೆದನು. ಅದೇ ವರುಷ ಸೆಪ್ಟೆಂಬರಿನಲ್ಲಿ ಹುಟ್ಟಿದ ಯೋಹಾನ ಕ್ರಿಸ್ತಿಯಾನನು 50ನೆಯವನು. ಇವನು ಮುಂದೆ ಲಂಡನ್ ಪಟ್ಟಣದಲ್ಲಿ ದೊಡ್ಡ ಹೆಸರನ್ನು ಪಡೆದನು.

ಬಾಖನು ಬರೆದ ಮೂಲ ಕಾಗದವು ಉಳಿದಿಲ್ಲ. ಅವನ ಮಗ ಇಮ್ಮಾನುವೇಲನು 1775ರ ಸುಮಾರಿಗೆ ಅದಕ್ಕೆ ತನ್ನ ಟಿಪ್ಪಣಿಗಳನ್ನು ಸೇರಿಸಿ, ತಂದೆಯ ಚರಿತ್ರೆಯನ್ನು ಬರೆಯಲಿದ್ದ ಫೋರ್ಕೆಲ್ ಎಂಬ ಪಂಡಿತನಿಗೆ ಕಳುಹಿಸಿದನು. ನಮಗೆ ಉಳಿದಿರುವದು ಆ ಪ್ರತಿಯೇ. ಅದನ್ನು ಬರೆದವಳು ಇಮ್ಮಾನುವೇಲನ ಮಗಳಾದ ಅನ್ನ ಕರೋಲಿನಳು. ಸಂಖ್ಯೆಯಿಲ್ಲದ ಹೆಣ್ಣುಮಕ್ಕಳಲ್ಲಿ ಒಬ್ಬಳು.

ಬಾಖನು 1750ನೆಯ ಜುಲೈ 28ರಂದು ನಿದ್ರೆಹೋದನು. ಆಸ್ತಿಯ ಪಾಲಿಗೋಸ್ಕರ ಬರೆದ ಪಟ್ಟಿಯಲ್ಲಿ ವಾದ್ಯಗಳೂ ಬೆಳ್ಳಿಯ ಸಾಮಾನುಗಳೂ ಲೂಥರನ ಗ್ರಂಥಗಳು ಮೊದಲಾದ ಎಂಭತ್ತರಷ್ಟು ಧರ್ಮಪುಸ್ತಕಗಳೂ ಕಾಣುತ್ತವೆ. ಇವೆಲ್ಲಾ ಹಂಚಿಹೋದವು. ಹತ್ತು ವರುಷವಾದ ಮೇಲೆ, 1760ರ ಫೆಬ್ರವರಿಯಲ್ಲಿ, ಅನ್ನ ಮಗ್ದಲೇನಳ ಹೆಸರು ಲೈಪ್ಸಿಗಿನ ಪುಸ್ತಕದಲ್ಲಿ ಧರ್ಮದ ಹಣದಿಂದ ಜೀವಿಸುವ ವಿಧವೆಯೆಂದು ಬರೆಯಲ್ಪಟ್ಟಿತು. ದೊಡ್ಡ ಮಕ್ಕಳು ಬೇರೆ ಊರುಗಳಲ್ಲಿ ಉದ್ಯೋಗದಲ್ಲಿದ್ದರು. ಓದುವಾಗ ಮನಸ್ಸಿಗೆ ಮುಳ್ಳಿನಂತೆ ತಗಲುವ ಸಾಲು ಇದೇ.

1742ರಲ್ಲಿ ಹುಟ್ಟಿದ ಕಡೇ ಮಗಳಾದ ರೆಗೀನ ಸುಸನ್ನಳು ಮದುವೆಯಿಲ್ಲದೆ ಲೈಪ್ಸಿಗಿನಲ್ಲಿಯೇ ಮುದುಕಿಯಾದಳು. 1800ರಲ್ಲಿ ಆಕೆಯ ಬಡತನದ ಸುದ್ದಿಯನ್ನು ಒಂದು ಸಂಗೀತ ಪತ್ರಿಕೆಯಲ್ಲಿ ಅಚ್ಚುಹಾಕಿಸಲಾಗಿ, ಅನೇಕರು ಹಣ ಕಳುಹಿಸಿದರು; ವಿಯೆನ್ನ ಪಟ್ಟಣದಿಂದ ಬೀಥೋವನನೂ ಸಹಾಯಮಾಡಲು ಮುಂದೆ ಬಂದನು. ಇಪ್ಪತ್ತು ಮಕ್ಕಳಲ್ಲಿ ಕಡೆಗೆ ಉಳಿದವಳು ಈಕೆಯೇ. 1809ನೆಯ ಡಿಸೆಂಬರ್ 14ರಂದು ಆಕೆಯೂ ತೀರಿಹೋದಳು.