ಕಿದ್ವಾಯಿ ಎಂದರೆ ಯಾರು?

ಕಳೆದ ವರ್ಷ ನನ್ನ ನಾನಾ ಅವರ ಕುತ್ತಿಗೆಯಲ್ಲಿ ಗಂಟುಗಳು ಎದ್ದವು. ನೋವಿಲ್ಲವಲ್ಲ ಎಂದು ಅವರು ತಿಂಗಳುಗಟ್ಟಲೆ ಸುಮ್ಮನಿದ್ದರು. ಕೊನೆಗೆ ಮಿಡಿಗೇಶಿಯಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗಂಟಿನ ತುಣುಕು ಪರೀಕ್ಷಿಸಿ, ಲಿಂಫೋಮಾ ಎಂದರು. ನಮ್ಮ ಕಡೆ ಕಿದ್ವಾಯಿ ಎಂದರೆ ಕ್ಯಾನ್ಸರ್ ಎಂದೇ ಅರ್ಥ. ಅದೊಬ್ಬ ಮನುಷ್ಯರ ಹೆಸರು ಎಂಬುದು ನನಗೆ ಹೊಳೆದದ್ದು ಅಲ್ಲಿ ಸಾಲಿನಲ್ಲಿ ಕಾಯುವಾಗ.

ರಫಿ ಅಹಮದ್ ಕಿದ್ವಾಯಿ 1894ರ ಫೆಬ್ರವರಿ 18ರಂದು ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಮಸೌಲಿಯಲ್ಲಿ ಹುಟ್ಟಿದರು. ಅಲಿಗಢದಲ್ಲಿ ಪದವಿ ಪಡೆದರು. ಕಾನೂನು ಓದುವುದನ್ನು ಬಿಟ್ಟು ಅಸಹಕಾರ ಚಳವಳಿಗೆ ಸೇರಿ ಜೈಲಿಗೆ ಹೋದರು. ನಂತರ ಮೋತಿಲಾಲ್ ನೆಹರೂ ಅವರ ಕಾರ್ಯದರ್ಶಿಯಾದರು. 1937ರಲ್ಲಿ ತಮ್ಮ ಪ್ರಾಂತ್ಯದ ಕಂದಾಯ ಮಂತ್ರಿಯಾದಾಗ, ತಾವು ಜಮೀನ್ದಾರರ ಮನೆಯವರಾದರೂ ಗೇಣಿದಾರರ ಪರ ನಿಂತರು.

1947ರ ಗಲಭೆಯಲ್ಲಿ ಅವರ ತಮ್ಮ ಶಫಿ ಅಹಮದ್ ಮಸ್ಸೂರಿಯಲ್ಲಿ ಕೊಲೆಯಾದರು. ಆದರೂ ರಫಿ ಸಾಹೇಬರು ದೇಶ ಬಿಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಸಂಪರ್ಕ ಮಂತ್ರಿಯಾಗಿ 1949ರಲ್ಲಿ ರಾತ್ರಿ ವಿಮಾನದ ಅಂಚೆ ಆರಂಭಿಸಿದರು. 1952ರಲ್ಲಿ ಆಹಾರ ಮಂತ್ರಿಯಾದರು. ಧಾನ್ಯದ ಮೇಲಿನ ಕಂಟ್ರೋಲ್ ತೆಗೆದರೆ ಬೆಲೆ ಏರುತ್ತದೆ ಎಂದು ಹಲವರು ಹೆದರಿದ್ದರು. ಅವರು ಧೈರ್ಯ ಮಾಡಿ ತೆಗೆದರು. ಕಾಮರ್ಸ್ ಓದುವ ನನಗೆ ಇದು ಬಹಳ ಹಿಡಿಸಿತು.

ಆದರೆ ನಮ್ಮ ದೇಹದಲ್ಲಿ ಕಂಟ್ರೋಲ್ ತಪ್ಪಬಾರದು. ಸೈನ್ಸ್ ಓದುವ ಗೆಳೆಯ ಇದನ್ನು ನನಗೆ ಬಿಡಿಸಿ ಹೇಳಿದ. ಜೀವಕೋಶ ಒಂದು ಎರಡಾಗುವ ಮೊದಲು ಕೆಲವು ತಪಾಸಣೆಗಳನ್ನು ದಾಟಬೇಕು. ಮುಂದೆ ಹೋಗು ಎನ್ನುವ ಜೀನ್‌ಗಳಿವೆ, ನಿಲ್ಲು ಎನ್ನುವ ಜೀನ್‌ಗಳೂ ಇವೆ. ನಾನಾ ಅವರಿಗೆ ಬಂದಿರುವುದು ಮ್ಯಾಂಟಲ್ ಸೆಲ್ ಲಿಂಫೋಮಾ. ಇದರಲ್ಲಿ ಸಾಮಾನ್ಯವಾಗಿ 11 ಮತ್ತು 14ನೆಯ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗುತ್ತವೆ. ಆಗ ಸೈಕ್ಲಿನ್ ಡಿ1 ಎಂಬ, ಮುಂದಕ್ಕೆ ತಳ್ಳುವ ಜೀನ್, ಸದಾ ಚುರುಕಾಗಿರುವ ಪ್ರತಿಕಾಯದ ಜೀನ್ ಪಕ್ಕ ಬಂದು ಕೂರುತ್ತದೆ. ಬಿಳಿ ರಕ್ತಕಣಗಳಲ್ಲಿ ಬಿ ಜಾತಿಯವು ನಿಲ್ಲದೆ ಹೆಚ್ಚುತ್ತವೆ. ಡಿಎನ್‌ಎ ಕೆಟ್ಟಾಗ ತಡೆಯುವ ಪಿ53 ಜೀನ್ ಕೂಡ ಹಾಳಾದರೆ ರೋಗ ಇನ್ನೂ ಹಠಮಾರಿ. ಇದು ಅಂಟುರೋಗವಲ್ಲ, ಯಾರ ಪಾಪದ ಫಲವೂ ಅಲ್ಲ. ಮನೆಗೆ ಬಂದ ನೆಂಟರಿಗೆ ಇದನ್ನೇ ನಾನು ಮತ್ತೆ ಮತ್ತೆ ಹೇಳಬೇಕಾಯಿತು.

ರಫಿ ಸಾಹೇಬರು 1954ರ ಅಕ್ಟೋಬರ್ 24ರಂದು ದೆಹಲಿಯಲ್ಲಿ ತೀರಿಕೊಂಡರು. ಕೇಳಿದವರಿಗೆಲ್ಲ ಕೊಟ್ಟ ಅವರು ಬಿಟ್ಟುಹೋದದ್ದು ಆಸ್ತಿಯಲ್ಲ, ಸಾಲ. 1973ರಲ್ಲಿ ಆರಂಭವಾದ ಆಸ್ಪತ್ರೆಗೆ ಅವರ ಹೆಸರಿದೆ.

ನಾನಾ ಅವರ ಚಿಕಿತ್ಸೆ ನಡೆಯುತ್ತಿದೆ. ಗೆಳೆಯರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಕರಗದ ಗಂಟು ಇದ್ದರೆ, ನೋವಿಲ್ಲವೆಂದು ಬಿಡಬೇಡಿ. ಬೇಗ ತೋರಿಸಿ. ನಾವು ಕೆಲವು ತಿಂಗಳು ತಡ ಮಾಡಿದೆವು.