ಮನೆಯಲ್ಲೇ ರೇಖಾಗಣಿತ ಕಲಿತ ಬಾಲಕ: ಬ್ಲೇಸ್ ಪಾಸ್ಕಲ್

ಮಾಮೂಲ್‌ಪೇಟೆಯ ಸಂದಿಗಳನ್ನು ದಾಟಿ ಅವೆನ್ಯೂ ರಸ್ತೆಗೆ ಬಂದರೆ ಶಾಲಾ ಪುಸ್ತಕಗಳ ಅಂಗಡಿಗಳು ಕಾಣುತ್ತವೆ. ಹೊಸ ಪುಸ್ತಕ, ಹಳೆಯ ಪುಸ್ತಕ, ಗೈಡು, ಎಲ್ಲವೂ ಅಲ್ಲಿ ಸಿಗುತ್ತವೆ. ಈಗ ಇವುಗಳ ಜೊತೆಗೆ ಆನ್‌ಲೈನ್ ತರಗತಿಗಳೂ ಸೇರಿಕೊಂಡಿವೆ. ಮಕ್ಕಳನ್ನು ಮನೆಯಲ್ಲೇ ಓದಿಸಿ, 14 ವರ್ಷ ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಿಸುವ ಕುಟುಂಬಗಳೂ ನಮ್ಮ ನಡುವೆ ಇವೆ. ಲೆಕ್ಕವನ್ನು ಹೇಗೋ ಹೇಳಿಕೊಡುವ ತಂದೆತಾಯಿ ರೇಖಾಗಣಿತ ಬಂದಾಗ ಹಿಂಜರಿಯುತ್ತಾರೆ. ಯಾವ ಪುಸ್ತಕ ಕೊಡುವುದು? ಯಾವ ತರಗತಿಗೆ ಸೇರಿಸುವುದು? ಯಾವ ವಯಸ್ಸಿನಲ್ಲಿ ಆರಂಭಿಸುವುದು?

ಸುಮಾರು ನಾಲ್ಕು ನೂರು ವರ್ಷಗಳ ಹಿಂದೆ ಫ್ರಾನ್ಸ್ ದೇಶದ ಒಬ್ಬ ಕಥೋಲಿಕ ತಂದೆಗೂ ಇದೇ ಪ್ರಶ್ನೆ ಎದುರಾಗಿತ್ತು. ಅವರ ಹೆಸರು ಎಟಿಯೆನ್ ಪಾಸ್ಕಲ್. ಅವರ ಮಗನೇ ಬ್ಲೇಸ್ ಪಾಸ್ಕಲ್. ನಮ್ಮ ಮಕ್ಕಳು ವಿಜ್ಞಾನ ಪಾಠದಲ್ಲಿ ದ್ರವಗಳ ಒತ್ತಡದ ಬಗ್ಗೆ ಓದುವ ಪಾಸ್ಕಲನ ನಿಯಮ ಇವರದೇ.

ಬ್ಲೇಸ್ ಹುಟ್ಟಿದ್ದು 1623ರ ಜೂನ್ 19ರಂದು, ಕ್ಲೆರ್ಮೋನ್ ಪಟ್ಟಣದಲ್ಲಿ. ಮೂರು ವರ್ಷದವನಿದ್ದಾಗಲೇ ತಾಯಿ ತೀರಿಕೊಂಡರು. ಅಕ್ಕ ಜಿಲ್ಬೆರ್ತ್, ತಂಗಿ ಜಾಕ್ಲೀನ್, ನಡುವೆ ಈ ಹುಡುಗ. ತಂದೆ ಮರುಮದುವೆಯಾಗಲಿಲ್ಲ. ತೆರಿಗೆ ನ್ಯಾಯಾಲಯದ ಉನ್ನತ ಅಧಿಕಾರಿಯಾಗಿದ್ದ ಅವರು 1631ರಲ್ಲಿ ಮಕ್ಕಳನ್ನು ಕರೆದುಕೊಂಡು ಪ್ಯಾರಿಸ್ಸಿಗೆ ಬಂದು ನೆಲೆಸಿದರು. ಮಗನನ್ನು ಯಾವ ಶಾಲೆಗೂ ಕಳುಹಿಸದೆ ತಾವೇ ಗುರುವಾದರು.

ಎಟಿಯೆನ್ ಅವರ ಪಾಠದ ಯೋಜನೆ ಖಚಿತವಾಗಿತ್ತು. ಮಗುವಿನ ಶಕ್ತಿಗಿಂತ ಪಾಠ ದೊಡ್ಡದಾಗಬಾರದು ಎಂಬುದು ಅವರ ನಿಯಮ. ಅದರಂತೆ 12 ವರ್ಷವಾಗುವ ತನಕ ಲ್ಯಾಟಿನ್ ಇಲ್ಲ. 15-16 ವರ್ಷದ ತನಕ ಗಣಿತ ಇಲ್ಲವೇ ಇಲ್ಲ. ಅವರು ಸ್ವತಃ ಒಳ್ಳೆಯ ಗಣಿತಜ್ಞರು. ರೇಖಾಗಣಿತದ ರುಚಿ ಹತ್ತಿದರೆ ಹುಡುಗ ಲ್ಯಾಟಿನ್, ಗ್ರೀಕ್ ಭಾಷೆಗಳ ಕಡೆ ತಿರುಗಿಯೂ ನೋಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ಗಣಿತದ ಪುಸ್ತಕಗಳನ್ನೆಲ್ಲ ಅವನ ಕಣ್ಣಿಗೆ ಬೀಳದಂತೆ ಇಟ್ಟರು. ಮಗನ ಎದುರಿನಲ್ಲಿ ಸ್ನೇಹಿತರೊಡನೆ ಆ ಮಾತನ್ನೇ ಎತ್ತುತ್ತಿರಲಿಲ್ಲ.

ಆದರೆ ಬಚ್ಚಿಟ್ಟ ವಸ್ತುವಿನ ಮೇಲೆಯೇ ಮಕ್ಕಳಿಗೆ ಕಣ್ಣು. ರೇಖಾಗಣಿತ ಎಂದರೇನು ಎಂದು ಬ್ಲೇಸ್ ಕೇಳಿಯೇ ಬಿಟ್ಟ. ಆಕೃತಿಗಳನ್ನು ಸರಿಯಾಗಿ ಬರೆಯುವ, ಅವುಗಳ ನಡುವಿನ ಅಳತೆಯ ಸಂಬಂಧವನ್ನು ಕಂಡುಹಿಡಿಯುವ ವಿದ್ಯೆ ಎಂದಷ್ಟೇ ಹೇಳಿದ ತಂದೆ, ಇನ್ನು ಆ ವಿಷಯ ಎತ್ತಬಾರದೆಂದು ತಾಕೀತು ಮಾಡಿದರು. ಹುಡುಗನಿಗೆ ಅಷ್ಟೇ ಸಾಕಾಯಿತು. ಆಟದ ಸಮಯದಲ್ಲಿ ಒಬ್ಬನೇ ಕುಳಿತು ಇದ್ದಿಲಿನಿಂದ ನೆಲದ ಮೇಲೆ ವೃತ್ತ, ತ್ರಿಭುಜಗಳನ್ನು ಬರೆಯತೊಡಗಿದ. ಅವುಗಳ ಹೆಸರೂ ಅವನಿಗೆ ತಿಳಿಯದು. ವೃತ್ತವನ್ನು ದುಂಡು ಎಂದೂ ಗೆರೆಯನ್ನು ಕಂಬಿ ಎಂದೂ ತಾನೇ ಕರೆದುಕೊಂಡ.

ಒಂದು ದಿನ ತಂದೆ ಸದ್ದಿಲ್ಲದೆ ಒಳಗೆ ಬಂದರು. 12 ವರ್ಷದ ಮಗ ಏನು ಮಾಡುತ್ತಿದ್ದಾನೆಂದು ನೋಡಿ ಬೆರಗಾದರು. ತ್ರಿಭುಜದ ಮೂರು ಕೋನಗಳ ಮೊತ್ತ ಎರಡು ಲಂಬಕೋನಗಳಿಗೆ ಸಮ ಎಂಬುದನ್ನು ಅವನು ಹುಡುಕುತ್ತಿದ್ದ. ಇದು ಯೂಕ್ಲಿಡನ ಮೊದಲ ಪುಸ್ತಕದ 32ನೆಯ ಪ್ರಮೇಯ. ತಂದೆ ಗದರಲಿಲ್ಲ. ನೇರವಾಗಿ ಸ್ನೇಹಿತರಾದ ಲ ಪೈಯರ್ ಅವರ ಮನೆಗೆ ಹೋಗಿ ಸಂತೋಷದಿಂದ ಕಣ್ಣೀರಿಟ್ಟರು. ಇನ್ನು ಮುಚ್ಚಿಡುವುದು ಸರಿಯಲ್ಲ ಎಂದು ಸ್ನೇಹಿತರು ಬುದ್ಧಿ ಹೇಳಿದರು. ಮಗನ ಕೈಗೆ ಯೂಕ್ಲಿಡನ ಪುಸ್ತಕ ಬಂದಿತು. ಇದನ್ನೆಲ್ಲ ಬರೆದಿಟ್ಟವರು ಅಕ್ಕ ಜಿಲ್ಬೆರ್ತ್. ತಮ್ಮನ ಮೇಲಿನ ಪ್ರೀತಿ ಕಥೆಗೆ ಸ್ವಲ್ಪ ಬಣ್ಣ ಸೇರಿಸಿರಬಹುದು ಎನ್ನುವ ವಿದ್ವಾಂಸರೂ ಇದ್ದಾರೆ. ಆದರೆ ಮುಂದೆ ನಡೆದದ್ದಕ್ಕೆ ದಾಖಲೆಗಳಿವೆ.

ತಂದೆ ಮಗನನ್ನು ಗುರು ಮೆರ್ಸೆನ್ ಎಂಬ ಸನ್ಯಾಸಿಯ ಸುತ್ತ ಸೇರುತ್ತಿದ್ದ ಗಣಿತಜ್ಞರ ಕೂಟಕ್ಕೆ ಕರೆದೊಯ್ದರು. ಅಲ್ಲಿ ದೆಸಾರ್ಗ್ ಎಂಬ ಹಿರಿಯರ ಹೊಸ ವಿಚಾರಗಳು ಹುಡುಗನ ಮನಸ್ಸನ್ನು ಹಿಡಿದವು. 1640ರಲ್ಲಿ, 16ರ ಹರೆಯದಲ್ಲಿ, ಶಂಕುಜಗಳ ಮೇಲೆ ಅವನು ಬರೆದ ಒಂದೇ ಹಾಳೆಯ ಪ್ರಬಂಧ ಅಚ್ಚಾಯಿತು. ಅದರ ವಿಚಾರ ಇಂದಿಗೂ ಪಾಸ್ಕಲನ ಪ್ರಮೇಯ ಎಂದು ಪ್ರಸಿದ್ಧ. ತೆರಿಗೆ ಲೆಕ್ಕದಲ್ಲಿ ಬಳಲುತ್ತಿದ್ದ ತಂದೆಗೆ ನೆರವಾಗಲು 1642ರಲ್ಲಿ ಕೂಡುವ, ಕಳೆಯುವ ಯಂತ್ರದ ಕೆಲಸ ಆರಂಭಿಸಿದರು. ಆದರೆ ಈ ಅತಿಯಾದ ದುಡಿಮೆಯಲ್ಲಿ ಆರೋಗ್ಯ ಕೆಟ್ಟಿತು. 18 ದಾಟಿದ ಮೇಲೆ ನೋವಿಲ್ಲದ ದಿನವನ್ನು ಅವರು ಕಾಣಲಿಲ್ಲ. ಜಾಣ ಮಕ್ಕಳ ತಂದೆತಾಯಿ ಇದನ್ನೂ ನೆನಪಿಡಬೇಕು.

1654ರ ನವೆಂಬರ್ 23ರ ರಾತ್ರಿ ಅವರಿಗೆ ಆಳವಾದ ದೈವಾನುಭವವಾಯಿತು. ಅದನ್ನು ಬರೆದ ಹಾಳೆಯನ್ನು ಅಂಗಿಯೊಳಗೆ ಹೊಲಿದುಕೊಂಡು ಸಾಯುವ ತನಕ ಇಟ್ಟುಕೊಂಡರು. ಪೋರ್-ರೊಯಾಲ್ ಮಠದವರ ಪಕ್ಷ ವಹಿಸಿ ಯೇಸುಸಭೆಯ ಗುರುಗಳ ವಿರುದ್ಧ ಬರೆದ ಪತ್ರಗಳು 1657ರಲ್ಲಿ ಧರ್ಮಸಭೆಯ ನಿಷೇಧಿತ ಗ್ರಂಥಗಳ ಪಟ್ಟಿಗೆ ಸೇರಿದವು. ಆದರೂ ಅವರ ನಾಲ್ಕು ನೂರನೆಯ ಜನ್ಮದಿನದಂದು, 2023ರಲ್ಲಿ, ಸ್ವತಃ ಯೇಸುಸಭೆಯವರಾದ ಜಗದ್ಗುರು ಫ್ರಾನ್ಸಿಸರು ಅವರನ್ನು ಗೌರವಿಸಿ ಪ್ರೇಷಿತ ಪತ್ರ ಬರೆದರು.

ಕೊನೆಯ ವರ್ಷಗಳಲ್ಲಿ ಬಡವರೇ ಪಾಸ್ಕಲರ ಚಿಂತೆಯಾದರು. 1662ರಲ್ಲಿ ಪ್ಯಾರಿಸ್ಸಿನಲ್ಲಿ ನಿಗದಿತ ದಾರಿ, ನಿಗದಿತ ದರದ ಸಾರ್ವಜನಿಕ ಕುದುರೆಗಾಡಿಗಳು ಓಡಿದವು; ನಮ್ಮ ಸಿಟಿ ಬಸ್ಸಿನ ಪೂರ್ವಜರೆನ್ನಬಹುದಾದ ಈ ಗಾಡಿಗಳ ಯೋಚನೆ ಅವರದು. ಮನೆಯಲ್ಲಿ ಆಶ್ರಯ ಕೊಟ್ಟಿದ್ದ ಬಡ ಕುಟುಂಬದ ಮಗುವಿಗೆ ಸಿಡುಬು ಬಂದಾಗ, ಮಗುವನ್ನು ಹೊರಗೆ ಕಳುಹಿಸದೆ, ಕಾಯಿಲೆಯಲ್ಲಿದ್ದ ತಾವೇ ಅಕ್ಕನ ಮನೆಗೆ ಹೊರಟುಹೋದರು. ಅಲ್ಲಿಯೇ ಪರಮಪ್ರಸಾದ ಸ್ವೀಕರಿಸಿ 1662ರ ಆಗಸ್ಟ್ 19ರಂದು, 39ನೆಯ ವಯಸ್ಸಿನಲ್ಲಿ ದೈವಾಧೀನರಾದರು.

ಎಲ್ಲ ಮಕ್ಕಳೂ ಪಾಸ್ಕಲರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಆ ತಂದೆಯಿಂದ ನಾವು ಕಲಿಯಬಹುದು. ಅವರ ಯೋಜನೆ ಅಕ್ಕರೆಯಿಂದ ಮಾಡಿದ್ದೇ. ಆದರೆ ಮಗನ ಪ್ರಶ್ನೆ ಯೋಜನೆಗಿಂತ ಮುಂದೆ ಓಡಿದಾಗ ಅವರು ಯೋಜನೆಯನ್ನೇ ಬದಲಿಸಿದರು. ಸ್ನೇಹಿತರ ಸಲಹೆ ಕೇಳಿದರು, ತಮಗಿಂತ ಬಲ್ಲವರ ಬಳಿಗೆ ಮಗನನ್ನು ಕರೆದೊಯ್ದರು.

ಪುಸ್ತಕವನ್ನೋ ತರಗತಿಯನ್ನೋ ಆರಿಸುವಾಗ ಅದೇ ತ್ರಿಭುಜದ ಪಾಠವನ್ನು ತೆರೆದು ನೋಡಿ. ಮೂರು ಕೋನಗಳ ಮೊತ್ತ 180 ಡಿಗ್ರಿ ಎಂದು ಹೇಳಿ ಲೆಕ್ಕಗಳ ಪಟ್ಟಿ ಕೊಟ್ಟುಬಿಡುತ್ತದೆಯೇ? ಅಥವಾ ಮಗು ಕಾಗದದ ತ್ರಿಭುಜದ ಮೂರು ಮೂಲೆಗಳನ್ನು ಹರಿದು ಜೋಡಿಸಿ, ಅವು ಒಂದು ಸರಳರೇಖೆಯಲ್ಲಿ ಕೂರುವುದನ್ನು ಕಂಡು, ಎಲ್ಲ ತ್ರಿಭುಜಕ್ಕೂ ಹೀಗೆಯೇ ಏಕೆ ಎಂದು ಯೋಚಿಸಲು ಬಿಡುತ್ತದೆಯೇ? ತುದಿಯ ಬಿಂದುವಿನ ಮೂಲಕ ತಳಕ್ಕೆ ಸಮಾಂತರ ಗೆರೆ ಎಳೆದರೆ ಉತ್ತರ ಕಾಣುತ್ತದೆ. ಆ ಗೆರೆಯನ್ನು ಎಳೆಯುವ ಸಂತೋಷ ಮಗುವಿನದಾಗಲಿ. ನಿಮಗೆ ಉತ್ತರ ತಿಳಿಯದಿದ್ದರೆ ಪಕ್ಕದಲ್ಲಿ ಕುಳಿತು ಒಟ್ಟಿಗೆ ಹುಡುಕಿರಿ.