ಆಚಾರ್ಯ ಯಾಮಾಗಿವಾ

ಇಳಕಲ್ಲಿನ ನಮ್ಮ ಕಾಕಾ ಕುಣಿಮಗ್ಗದಲ್ಲಿ ಕುಳಿತು ಸೀರೆ ನೇಯುತ್ತಿದ್ದರು. ಎಡಗೆನ್ನೆಯ ಒಂದೇ ಜಾಗದಲ್ಲಿ ಮೂವತ್ತು ವರ್ಷ ತಂಬಾಕನ್ನು ಒತ್ತಿಟ್ಟುಕೊಂಡರು. ಕಡೆಗೆ ಅಲ್ಲಿಯೇ ಹುಣ್ಣಾಯಿತು; ವೈದ್ಯರು ದವಡೆಯ ಒಂದು ಭಾಗವನ್ನೇ ತೆಗೆಯಬೇಕಾಯಿತು. ಮನೆಯವರೆಲ್ಲ ಹಣೆಬರಹವೆಂದರು. ಹಣೆಬರಹವು ಎಡಗೆನ್ನೆಯನ್ನೇ ಏಕೆ ಆರಿಸಿಕೊಂಡಿತೆಂಬ ಪ್ರಶ್ನೆ ನನ್ನನ್ನು ವಾಚನಾಲಯಕ್ಕೆ ಅಟ್ಟಿತು. ಅಲ್ಲಿ ಪರಿಚಯವಾದವರು ಜಪಾನಿನ ಆಚಾರ್ಯ ಕಾತ್ಸುಸಾಬುರೊ ಯಾಮಾಗಿವಾ.

ಅವರು 1863ರಲ್ಲಿ ಉಯೆದಾ ಎಂಬ ಊರಿನಲ್ಲಿ ಹುಟ್ಟಿದರು. ವೈದ್ಯರೊಬ್ಬರ ಮನೆಗೆ ದತ್ತು ಹೋಗಿ ಯಾಮಾಗಿವಾ ಎನಿಸಿಕೊಂಡರು. ಟೋಕಿಯೋದಲ್ಲಿ ವೈದ್ಯಶಾಸ್ತ್ರ ಕಲಿತು, ಜರ್ಮನಿಗೆ ತೆರಳಿ ರುಡಾಲ್ಫ್ ವಿರ್ಖೋ ಅವರ ಬಳಿ ಅಭ್ಯಾಸ ಮಾಡಿದರು. ಶರೀರದ ಒಂದೇ ಭಾಗವನ್ನು ಬಹುಕಾಲ ಕೆರಳಿಸುತ್ತಿದ್ದರೆ ಅಲ್ಲಿ ಕ್ಯಾನ್ಸರ್ ಹುಟ್ಟೀತೆಂಬುದು ಆ ಗುರುವಿನ ಮತ. ಲಂಡನ್ನಿನ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯರು 1775ರಲ್ಲಿಯೇ ಹೊಗೆಗೂಡಿನ ಮಸಿ ತೆಗೆಯುವವರಿಗೆ ಬರುವ ಕ್ಯಾನ್ಸರನ್ನು ಗುರುತಿಸಿದ್ದರು. ಆದರೆ ಅದನ್ನು ಪ್ರಯೋಗದಿಂದ ತೋರಿಸಿದವರಿರಲಿಲ್ಲ. ಪ್ರಾಣಿಗಳಿಗೆ ಡಾಂಬರು ಹಚ್ಚಿ ನೋಡಿದವರು ಏನೂ ಕಾಣದೆ ಕೈಬಿಟ್ಟಿದ್ದರು.

ಯಾಮಾಗಿವಾ ಕೈಬಿಡಲಿಲ್ಲ. ಕ್ಷಯರೋಗ ಅವರನ್ನು ಕಾಡುತ್ತಿತ್ತು. ಆದರೂ ಇಚಿಕಾವಾ ಎಂಬ ಪಶುವೈದ್ಯ ಸಹಾಯಕನೊಡನೆ ಮೊಲಗಳ ಕಿವಿಗೆ ಎರಡು ಮೂರು ದಿನಕ್ಕೊಮ್ಮೆ ಕಲ್ಲಿದ್ದಲಿನ ಡಾಂಬರು ಹಚ್ಚಿಸುತ್ತ ಬಂದರು. ತಿಂಗಳುಗಳು ಉರುಳಿದವು. ಬಾದಾಮಿಯ ಬಂಡೆಯನ್ನು ನೀರು ಒಂದು ದಿನದಲ್ಲಿ ಕೊರೆದಿಲ್ಲವಷ್ಟೆ! 1915ರಲ್ಲಿ ಆ ಕಿವಿಗಳ ಮೇಲೆ ನಿಜವಾದ ಕ್ಯಾನ್ಸರ್ ಕಾಣಿಸಿಕೊಂಡಿತು. ಮನುಷ್ಯನ ಕೈಯಿಂದ ರಾಸಾಯನಿಕ ವಸ್ತುವೊಂದು ಕ್ಯಾನ್ಸರನ್ನು ಹುಟ್ಟಿಸಿದ ಮೊದಲ ಪ್ರಯೋಗವಿದು.

1926ರ ನೊಬೆಲ್ ಪಾರಿತೋಷಕ ಮಾತ್ರ ಅವರಿಗೆ ಬರಲಿಲ್ಲ. ಹುಳುವಿನಿಂದ ಕ್ಯಾನ್ಸರ್ ಬರುವುದೆಂದ ಡೆನ್ಮಾರ್ಕಿನ ಫಿಬಿಗರ್ ಅವರಿಗೆ ಅದು ಸಂದಿತು. ಆ ಸಿದ್ಧಾಂತ ತಪ್ಪೆಂದು ಮುಂದೆ ತಿಳಿಯಿತು. ಬಿಡುವಿನಲ್ಲಿ ಹೈಕು ಕವಿತೆ ರಚಿಸುತ್ತಿದ್ದ ಆಚಾರ್ಯರು 1930ರಲ್ಲಿ ತೀರಿಕೊಂಡರು.

ಅವರು ತುಳಿದ ದಾರಿ ಅಲ್ಲಿಗೇ ನಿಲ್ಲಲಿಲ್ಲ. ಡಾಂಬರಿನೊಳಗಿನ ಬೆಂಜೊಪೈರೀನ್ ಎಂಬ ವಿಷವನ್ನು ಲಂಡನ್ನಿನ ವಿಜ್ಞಾನಿಗಳು 1933ರ ಹೊತ್ತಿಗೆ ಬೇರ್ಪಡಿಸಿದರು. 1963ರಲ್ಲಿ ಇಸ್ರೇಲಿನ ಬರ್ವಾಲ್ಡ್ ಮತ್ತು ಸಾಕ್ಸ್ ಅದೇ ಬಗೆಯ ವಸ್ತುಗಳನ್ನು ಗಾಜಿನ ಬಟ್ಟಲಿನಲ್ಲಿ ಬೆಳೆಸಿದ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಜೀವಕೋಶಗಳಿಗೆ ಸೋಕಿಸಿದರು. ಸಾಲಾಗಿ ಬೆಳೆದು ಕೆಲಕಾಲಕ್ಕೆ ಅಳಿಯಬೇಕಾದ ಕೋಶಗಳಲ್ಲಿ ಕೆಲವು, ಸಿಕ್ಕುಬಿದ್ದ ನೂಲಿನಂತೆ ಒಂದರ ಮೇಲೊಂದು ಹೇರಿಕೊಂಡು, ಸಾವನ್ನೇ ಮರೆತು ಬೆಳೆದವು. ಅಂಥವನ್ನು ಪ್ರಾಣಿಯ ದೇಹಕ್ಕೆ ಸೇರಿಸಿದರೆ ಗಂಟು ಎದ್ದಿತು. 1966ರಲ್ಲಿ ಕ್ಷಕಿರಣವೂ ಕೋಶಗಳನ್ನು ಹೀಗೆಯೇ ಕೆಡಿಸುವುದೆಂದು ಬೋರೆಕ್ ಮತ್ತು ಸಾಕ್ಸ್ ತೋರಿಸಿದರು. ರಾಸಾಯನಿಕವಾಗಲಿ ಕಿರಣವಾಗಲಿ, ಕೋಶದೊಳಗಿನ ಅನುವಂಶಿಕ ಬರಹವನ್ನು ತಿದ್ದಿಬಿಡುತ್ತದೆ; ಆ ತಪ್ಪು ಮರಿಕೋಶಗಳಿಗೂ ಇಳಿಯುತ್ತದೆ.

ತಂಬಾಕಿನಲ್ಲಿಯೂ ಇಂಥ ವಿಷಗಳಿವೆ. ಮೊಲದ ಕಿವಿಗೆ ಡಾಂಬರು ಹಚ್ಚಿದವರು ಬೇರೆ. ಕಾಕಾ ತಮ್ಮ ಗೆನ್ನೆಗೆ ತಾವೇ ಹಚ್ಚಿಕೊಂಡರು. ಅವರ ಹಣೆಯಲ್ಲಿ ಬರೆದದ್ದೇನೂ ಇರಲಿಲ್ಲ. ಬರಹ ಕೆಟ್ಟದ್ದು ಗೆನ್ನೆಯ ಕೋಶದಲ್ಲಿ.

ಈಗ ಅವರು ನೇಯುವುದಿಲ್ಲ, ಕಂಡಿಕೆ ಸುತ್ತುತ್ತಾರೆ. ಮಾತು ಸ್ಪಷ್ಟವಿಲ್ಲ. ಹುನಗುಂದದ ನಿಲ್ದಾಣದಲ್ಲಿ, ಬಾಗಲಕೋಟೆಯ ಬಸ್ಸಿನಲ್ಲಿ ನಮ್ಮ ಗೆಳೆಯರೇ ಚೀಟಿ ಹರಿದು ಬಾಯಿಗೆ ಸುರಿದುಕೊಳ್ಳುವುದನ್ನು ಕಂಡಾಗಲೆಲ್ಲ ನನಗೆ ಆ ಮೊಲಗಳ ನೆನಪಾಗುತ್ತದೆ. ಕಳೆದ ವರ್ಷದವರೆಗೆ ನನ್ನ ಜೇಬಿನಲ್ಲಿಯೂ ಒಂದು ಚೀಟಿ ಇರುತ್ತಿತ್ತು. ಈಗ ಇಲ್ಲ.